ನಾನು ಉಜ್ಜಿ ಅಳಿಸಿದ ಹೆಸರು

ಕಲ್ವರ್ ಮನೆತನದವರು ಸತ್ತ ಮೇಲೂ ಊರವರಿಗೆ ಜಾಗ ಬಿಟ್ಟುಕೊಟ್ಟವರಲ್ಲ. ನಮ್ಮ ಚರ್ಚಿನ ಗೋಡೆಯ ತುಂಬ ಅವರ ಅಮೃತಶಿಲೆ, ನೆಲದ ತುಂಬ ಅವರ ಕಪ್ಪುಕಲ್ಲು. ಪೀಠದ ಪಕ್ಕದಲ್ಲಿ ಅವರ ಮುತ್ತಾತನೊಬ್ಬ ಕಲ್ಲಾಗಿ ಕೈಮುಗಿದು ಮಲಗಿದ್ದಾನೆ, ಕಾಲ ಬಳಿ ಕಲ್ಲಿನ ನಾಯಿ. ಇವೆಲ್ಲದರ ನಡುವೆ ಸತ್ತವರ ಹೆಸರು ಕೆತ್ತಿದ ಇಪ್ಪತ್ಮೂರು ಹಿತ್ತಾಳೆ ತಗಡುಗಳು. ಪ್ರತಿ ಶನಿವಾರ ಅವನ್ನು ಉಜ್ಜುವುದು ನನ್ನ ಕೆಲಸ. ನನಗಿಂತ ಮುಂಚೆ ನಮ್ಮಮ್ಮ ಉಜ್ಜುತ್ತಿದ್ದಳು. ವಿನೆಗರ್, ಇಟ್ಟಿಗೆ ಪುಡಿ, ರಟ್ಟೆಯ ಬಲ. ಇಬ್ಬರದೂ ಸೇರಿಸಿದರೆ ಅರವತ್ತು ವರ್ಷದ ಉಜ್ಜಾಟ.

ಒಂದು ಸಲ ಲಂಡನ್ನಿನಿಂದ ಕನ್ನಡಕದ ಯಜಮಾನರೊಬ್ಬರು ಬಂದು ನನ್ನ ಕೈ ಹಿಡಿದು ತಡೆಯುವುದೊಂದು ಬಾಕಿ.

"ಹೀಗೆ ತಿಕ್ಕಿದ್ರೆ ಅಕ್ಷರ ಸವೆದು ಹೋಗುತ್ತಮ್ಮ. ನಿಲ್ಸಿಬಿಡಿ."

"ದೇವರ ಮನೆ ಕಿಲುಬು ಹಿಡೀಲಿ ಅಂತೀರಾ ಸ್ವಾಮಿ?" ಎಂದು ಕೇಳಿ, ಅವರ ಕಣ್ಣೆದುರಿಗೇ ಇನ್ನೊಂದು ಚಿಟಿಕೆ ಪುಡಿ ಹಾಕಿದೆ. ನನ್ನ ಬುದ್ಧಿಯೇ ಹಾಗೆ. ಬೇಡ ಎಂದವರ ಮುಂದೆ ಎರಡು ಪಟ್ಟು ಮಾಡುತ್ತೇನೆ.

೧೮೯೮ರ ಮೇ ತಿಂಗಳ ಒಂದು ಶನಿವಾರ, ನಾನು ಹದಿನೇಳನೆಯ ತಗಡಿನ ಮೇಲಿದ್ದಾಗ ಒಬ್ಬ ಗಂಡಸು ಟೋಪಿ ತೆಗೆದು ಒಳಗೆ ಬಂದ. ಹೆಸರು ಏಮೋಸ್ ಟ್ರೆಡ್ಗೋಲ್ಡ್, ಉತ್ತರದ ಕಡೆ ರೈಲ್ವೆಯಲ್ಲಿ ಸಿಗ್ನಲ್ ಹಾಕುವ ಕೆಲಸ. ಅವನ ಅಜ್ಜಿ ದೊಡ್ಡಮನೆಯಲ್ಲಿ, ಅಂದರೆ ಕಲ್ವರರ ಮನೆಯಲ್ಲಿ, ಮಕ್ಕಳ ದಾದಿಯಾಗಿದ್ದಳಂತೆ. ಮನೆಯ ಮಕ್ಕಳಿಗೆ ಬಂದ ಜ್ವರ ಅವಳಿಗೂ ಅಂಟಿ ತೀರಿಕೊಂಡಳಂತೆ.

"ಆಗ ನಮ್ಮವ್ವಂಗೆ ಮೂರು ವರ್ಷ. ಮದುವೆ ಆಗ್ದೆ ಹೆತ್ತೋಳು ಅನ್ನೋ ಸಿಟ್ಟಿಗೆ, ಸಾಕಿದೋರು ಆಯಮ್ಮನ ಹೆಸರು ಒಂದು ದಿನಾನೂ ಬಾಯಲ್ಲಿ ಎತ್ತಲಿಲ್ಲ. 'ನಿನ್ ತಾಯಿ ಹೆಸರು ಕಲ್ವರ್ ಚರ್ಚಲ್ಲಿ ಹಿತ್ತಾಳೇಲಿ ಬರ್ದೈತೆ' ಅಂದಿದ್ರಂತೆ, ಅಷ್ಟೇ. ಹೋಗಿ ಓದ್ಕೊಂಡು ಬಾ ಅಂತ ಅವ್ವ ಸಾಯೋವರೆಗೂ ಹೇಳ್ತಿದ್ಲು. ನಂಗೆ ರಜಾ ಸಿಗಲಿಲ್ಲ. ಹೋದ ಚಳಿಗಾಲದಲ್ಲಿ ಅವ್ವ ತೀರ್ಕೊಂಡ್ಲು." ಅವನು ಟೋಪಿಯ ಅಂಚು ತಿರುಗಿಸುತ್ತ ನಿಂತ. "ನನ್ ಮಗಳು ಹೆಣ್ಣು ಹೆತ್ತವ್ಳೆ, ಅವ್ಳೂ ನನ್ ಜೊತೆ ಬಂದು ಸತ್ರದಲ್ಲವ್ಳೆ. ನಾಳೆ ಇಲ್ಲೇ ನಾಮಕರಣ. ಆ ಹೆಸರೇ ಇಡ್ಬೇಕು ಅಂತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕೈಯಲ್ಲಿದ್ದ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದೆ. ದಾದಿಯ ತಗಡು ಯಾವುದು ಎಂದು ನನಗೆ ಗೊತ್ತು. ಪಕ್ಕದ ಬಾಗಿಲ ಬಳಿ ಇರುವ, ಅಂಗೈಯಗಲದ ತಗಡು. ಕೆಳಗೆ ಬಗ್ಗಿ ಉಜ್ಜಬೇಕಾದ್ದರಿಂದ ಭಾರವೆಲ್ಲ ಅದರ ಮೇಲೇ ಬೀಳುತ್ತದೆ.

ಏಮೋಸ್ ಅದರ ಮುಂದೆ ಮಂಡಿಯೂರಿದ. ಅಂಚಿನಲ್ಲಿ 'ಈ ಮನೆಯ ಮಕ್ಕಳನ್ನು ಆರೈಕೆ ಮಾಡಿ ತೀರಿಕೊಂಡವಳು' ಎಂದಿತ್ತು, ಕೆಳಗೆ ೧೮೨೯ ಎಂದಿತ್ತು. ನಡುವೆ ಹೆಸರಿರಬೇಕಾದಲ್ಲಿ ಅವನ ಮುಖವೇ ಕಾಣುತ್ತಿತ್ತು. ಅವನು ಬೆರಳಾಡಿಸಿದ.

"ಇಲ್ಲೇನೂ ಇಲ್ವಲ್ಲಮ್ಮ."

ಮೂವತ್ತೊಂದು ವರ್ಷ ಉಜ್ಜಿದವಳು ನಾನು, ಒಂದು ದಿನವೂ ಓದಿರಲಿಲ್ಲ. ನಾನು ಬಟ್ಟೆ ಹಿಡಿಯುವ ಹೊತ್ತಿಗಾಗಲೇ ಅಕ್ಷರ ಮಸುಕಾಗಿತ್ತು, ನಿಜ. ಮಿಕ್ಕಿದ್ದನ್ನು ಮುಗಿಸಿದವಳು ಮಾತ್ರ ನಾನೇ. ಅದನ್ನು ಅವನಿಗೆ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಬೈಯಲಿಲ್ಲ, ಅದೇ ಹೆಚ್ಚು ನೋಯಿಸಿತು.

"ಬೆಳಿಗ್ಗೆ ಪಾದ್ರಿಗಳು ಹೂತೋರ ಹೆಸರು ಬರೆಯೋ ಪುಸ್ತಕ ತೆಗೆದು ನೋಡಿದ್ರು. 'ಎಲೆನ್, ದಾದಿ' ಅಂತೈತೆ. ಅದೇ ಇರ್ಬೋದೇನೋ. ಎಲೆನ್ ಅಂತಲೇ ಇಟ್ಬಿಡೋಣ, ಇನ್ನೇನ್ ಮಾಡೋದು."

ನನಗೆ ಮೈಯೆಲ್ಲ ಉರಿಯಿತು. "ಇಡ್ಬೇಡಿ. ಅದು ಅವಳ ಹೆಸರಲ್ಲ. ಆ ಮನೇಲಿ ಕೆಲಸಕ್ಕೆ ಸೇರಿದ ಹುಡುಗೀರೆಲ್ಲ ಎಲೆನ್ನೇ. ಹೊಸ ಹೆಸರು ಕಲಿಯೋ ತೊಂದರೆ ಯಾಕೆ ಅಂತ. ಚಿಕ್ಕೋಳಿದ್ದಾಗ ನಾನೂ ನಾಲ್ಕು ವರ್ಷ ಅಲ್ಲಿ ಎಲೆನ್ ಆಗಿದ್ದೋಳು. ನೀವು ಸತ್ರದಲ್ಲಿ ಹೋಗಿ ಕೂತಿರಿ. ನಾನು ಬರ್ತೀನಿ."

ಆ ಜ್ವರದಿಂದ ಬದುಕಿದ ಮಕ್ಕಳಲ್ಲಿ ಒಬ್ಬರು ಇನ್ನೂ ಇದ್ದರು. ಹೊನೋರಿಯಾ ಕಲ್ವರ್, ಎಪ್ಪತ್ಮೂರು ವರ್ಷ, ಮದುವೆಯಾಗದವರು, ಮನೆತನಕ್ಕೆ ಕೊನೆಯವರು. ನಾಲಗೆ ಚೂಪು, ಕಿವಿ ಮಂದ. ಅವರ ಮನೆತನದ ತಗಡು ಹಾಳು ಮಾಡಿದೆ ಎಂದು ಅವರಿಗೇ ಹೋಗಿ ಹೇಳುವುದೆಂದರೆ ತಮಾಷೆಯೇ? ದೊಡ್ಡಮನೆಯ ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದೆ. ಮಗುವಿನ ಹಣೆಗೆ ಎಲೆನ್ ಎಂದು ಅಂಟುತ್ತದಲ್ಲ ಎಂದುಕೊಂಡು ಮತ್ತೆ ಮುಂದಕ್ಕೆ ನಡೆದೆ.

"ಏನೇ ಎಲೆನ್, ಶನಿವಾರ ಇಲ್ಲೇನು ನಿನ್ನ ಸವಾರಿ?" ಎಂದರು ದೊರೆಸಾನಿ.

ಎಲ್ಲವನ್ನೂ ಹೇಳಿದೆ, ಗಟ್ಟಿಯಾಗಿ, ಎರಡೆರಡು ಸಲ. ತಪ್ಪನ್ನು ಕಿರುಚಿ ಒಪ್ಪಿಕೊಳ್ಳುವುದು ಬಹಳ ಕಷ್ಟ.

"ದಾದೀದಾ? ಅವಳು ಎಲೆನ್ ಅಲ್ವೇನೇ?"

"ಎಲ್ರೂ ಎಲೆನ್ನೇ ಅಲ್ವಾ ಅಮ್ಮಾವ್ರೇ. ಅವಳು ಸತ್ತ ಮೇಲೆ ನಿಮ್ಮ ತಾಯಿಯವರಿಗೆ ಮನಸ್ಸು ತಡೀಲಿಲ್ಲ, ನಿಜವಾದ ಹೆಸರು ಕೇಳಿ ತಿಳ್ಕೊಂಡು ಕೆತ್ತಿಸಿದ್ರು ಅಂತ ನಮ್ಮಮ್ಮ ಹೇಳೋಳು."

ದೊರೆಸಾನಿ ತಮ್ಮ ಹಣೆ ಮುಟ್ಟಿಕೊಂಡರು. "ನನಗಾಗ ನಾಲ್ಕು ವರ್ಷ. ಮುಖ ನೆನಪಿಲ್ಲ, ಹೆಸರೂ ಇಲ್ಲ. ಹಣೆ ಮೇಲೆ ಒದ್ದೆ ಬಟ್ಟೆ ಇಡ್ತಿದ್ಲು. ಆ ಕೈ ಮಾತ್ರ ನೆನಪಿದೆ."

ನಾನು ಹೊರಡಲು ಎದ್ದೆ.

"ಕೂತ್ಕೊಳ್ಳೇ. ನಿನಗೆ ಯಾವಾಗ್ಲೂ ಆತುರ. ಹತ್ತೊಂಬತ್ತನೇ ವಯಸ್ಸಲ್ಲಿ ನನಗೊಂದು ಹುಚ್ಚಿತ್ತು, ನಮ್ಮ ವಯಸ್ಸಿನ ಹುಡುಗೀರಿಗೆಲ್ಲ ಇತ್ತು. ತಗಡಿನ ಮೇಲೆ ಕಾಗದ ಹಾಸಿ ಚಮ್ಮಾರರ ಕರಿ ಮೇಣ ಉಜ್ಜೋದು. ಕೆತ್ತಿದ್ದೆಲ್ಲ ಕಾಗದದ ಮೇಲೆ ಬಿಳಿಯಾಗಿ ಮೂಡುತ್ತೆ. ಚರ್ಚಿನದೆಲ್ಲ ತೆಗೆದಿದ್ದೆ. ಆ ಕಿಟಕಿ ಕೆಳಗಿನ ಪೆಟ್ಟಿಗೆ ತೆಗಿ."

ಸುರುಳಿಗಳನ್ನು ಒಂದೊಂದಾಗಿ ನೆಲದ ಮೇಲೆ ಬಿಡಿಸಿದೆವು. ಕತ್ತಿ ಹಿಡಿದ ಕಲ್ವರ್, ನರಿ ಬೇಟೆಯ ಕಲ್ವರ್, ಮೂವರು ಹೆಂಡಿರ ಕಲ್ವರ್. ಒಬ್ಬೊಬ್ಬರೂ ಆಳುದ್ದ. ಅವರನ್ನೆಲ್ಲ ಪಕ್ಕಕ್ಕೆ ತಳ್ಳಿದೆ. ತಳದಲ್ಲಿ ಅಂಗೈಯಗಲದ ಒಂದು ಕಾಗದ ಮಡಚಿಕೊಂಡು ಬಿದ್ದಿತ್ತು. ಕರಿಯ ಮೇಣದ ನಡುವೆ, ನಿನ್ನೆ ಕೆತ್ತಿದಂತೆ, ಎರಡು ಪದ.

ದೊರೆಸಾನಿ ಓದಿದರು. "ತಬಿತಾ ರೂಡ್." ಅವರ ದನಿ ಸಣ್ಣಗಾಗಿತ್ತು. ನಾನು ಮುಚ್ಚುಮರೆಯಿಲ್ಲದೆ ಅತ್ತುಬಿಟ್ಟೆ.

"ಅಳೋದು ಸಾಕು. ಇದನ್ನ ಆ ಮನುಷ್ಯನಿಗೆ ಕೊಡು. ತಗಡನ್ನ ಮತ್ತೆ ಕೆತ್ತಿಸ್ತೀನಿ, ಚೆನ್ನಾಗಿ ಆಳವಾಗಿ. ನೀನಂತೂ ಉಜ್ಜೋದು ಬಿಡೋಳಲ್ಲ." ನಾನು ಬಾಗಿಲ ಬಳಿ ಹೋದಾಗ ಮತ್ತೆ ಕರೆದರು. "ನಿಲ್ಲು. ನಿನ್ನ ಹೆಸರೇನು?"

"ಜೆರೂಷಾ, ಅಮ್ಮಾವ್ರೇ. ಜೆರೂಷಾ ಪಿಲ್ಬೀಮ್."

"ಅಷ್ಟುದ್ದ ಹೆಸರಿಟ್ಕೊಂಡು ನಲವತ್ತು ವರ್ಷ ಬಾಯಿ ಮುಚ್ಕೊಂಡಿದ್ದೆಯಾ?"

"ನೀವು ಕೇಳ್ಲಿಲ್ಲ."

ಕಾಗದ ಹಿಡಿದು ಸತ್ರದ ಕಡೆ ಹೊರಟೆ.

ಸತ್ರದಲ್ಲಿ ಏಮೋಸ್ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಓದಿದ, ಮಡಚಿದ, ಮತ್ತೆ ಬಿಡಿಸಿ ಓದಿದ. "ಅವ್ವ ಇರ್ಬೇಕಿತ್ತು" ಎಂದ, ಅಷ್ಟೇ. ಅವನ ಮಗಳು ಮಾತ್ರ ನನ್ನನ್ನೇ ನೋಡಿ, "ನಾಳೆ ಮಗುಗೆ ಧರ್ಮತಾಯಿ ನೀವೇ ಆಗಿ ಹೆಸರು ಹೇಳಿ, ತಪ್ಪಿಸ್ಕೊಳ್ಳೋ ಹಾಗಿಲ್ಲ" ಎಂದಳು. ಹೆಸರು ಅಳಿಸಿದವಳಿಗೇ ಹೆಸರು ಹೇಳುವ ಕೆಲಸ.

ಮರುದಿನ ಮಗು ನನ್ನ ತೋಳಿನಲ್ಲಿತ್ತು. ಕಲ್ವರರ ಮೀಸಲು ಬೆಂಚಿನಲ್ಲಿ ದೊರೆಸಾನಿ ಒಬ್ಬರೇ ಕೂತಿದ್ದರು. ಪಾದ್ರಿಗಳು ಜ್ಞಾನಸ್ನಾನದ ನೀರಿನ ಕಡೆ ಕೈ ಚಾಚಿ, ಈ ಮಗುವಿನ ಹೆಸರು ಹೇಳಿ ಎಂದರು. ಮಗುವಿನ ಮುಖ ನೋಡುತ್ತ ಹೇಳಿದೆ.

"ತಬಿತಾ."

ಬೆಂಚಿನಿಂದ ದೊರೆಸಾನಿಯವರ ದನಿ ಬಂತು. "ಕೇಳಿಸಲಿಲ್ಲ. ಇನ್ನೊಂದು ಸಲ ಹೇಳು, ಜೆರೂಷಾ."

ಗೋಡೆಯ ಮೇಲಿನ ಕಲ್ವರರಿಗೆಲ್ಲ ಕೇಳುವ ಹಾಗೆ ಹೇಳಿದೆ.