ಕಪ್ಪು ಪಟ್ಟಿಯ ಕೆಳಗಿನ ಹೆಸರು

ನಾನು ಪಿಡಿಎಫ್ ಫೈಲುಗಳನ್ನು ತೆರೆದು ತೋರಿಸುವ ಒಂದು ತಂತ್ರಾಂಶ. ಬೇಕೆಂದವರು ನನ್ನಿಂದ ಪುಟದ ಮೇಲೆ ಗೆರೆ ಎಳೆಯಬಹುದು, ಬಣ್ಣ ಬಳಿಯಬಹುದು. ಒಬ್ಬರ ಮುಖ ಒಬ್ಬರು ನೋಡದ ಕೆಲವು ಮಂದಿ ಬಿಡುವಿನ ವೇಳೆಯಲ್ಲಿ ನನ್ನನ್ನು ಹೆತ್ತು, ಬಿಡಿಗಾಸೂ ಕೇಳದೆ ಲೋಕಕ್ಕೆ ಬಿಟ್ಟರು. ಪುಕ್ಕಟೆ ಸಿಕ್ಕಿದ್ದಕ್ಕೆ ಮರ್ಯಾದೆ ಎಲ್ಲಿ? ನನ್ನ ಜೊತೆ ಬಂದ ಸೂಚನೆಗಳನ್ನು ಒಬ್ಬರೂ ಓದಲಿಲ್ಲ.

ಮೊದಲು ಕಾನೂನು ಓದುವವನೊಬ್ಬನ ಕಂಪ್ಯೂಟರಿನಲ್ಲಿದ್ದೆ. ಪುಟಕ್ಕೆಲ್ಲ ಹಳದಿ ಬಳಿದದ್ದೇ ಬಂತು, ಪುಣ್ಯಾತ್ಮ ಓದಲಿಲ್ಲ. ಅವನು ಆ ಕಂಪ್ಯೂಟರನ್ನು ಮಾರಿದಾಗ ನಾನೂ ಅದರೊಂದಿಗೆ ಗದಗ ಕಡೆಯ ಒಂದು ಕಾಲೇಜಿನ ಆಫೀಸು ಸೇರಿದೆ. ಅಲ್ಲಿನ ಗುಮಾಸ್ತೆ ಅನಸೂಯಾ ಹುಲಕೋಟಿ. ಅಚ್ಚುಕಟ್ಟಿನ ಹೆಂಗಸು, ನನಗೆ ಇಷ್ಟವಾದರು.

ಒಬ್ಬ ಮೇಷ್ಟ್ರ ಮೇಲೆ ಕೆಟ್ಟ ನಡತೆಯ ದೂರು ಬಂತು. ಅವರ ವಿರುದ್ಧ ಸಾಕ್ಷಿ ಹೇಳಿದ್ದು ಒಬ್ಬಳೇ ವಿದ್ಯಾರ್ಥಿನಿ, ಅದೂ ಹೆಸರು ಹೊರಬರುವುದಿಲ್ಲ ಎಂಬ ಭರವಸೆಯ ಮೇಲೆ. ವಿಚಾರಣಾ ವರದಿಯ ಪ್ರತಿಯನ್ನು ಮೇಷ್ಟ್ರಿಗೂ ಕೊಡಬೇಕಿತ್ತು.

"ಆ ಹುಡುಗಿ ಹೆಸರು ಎಲ್ಲೂ ಕಾಣಬಾರದು ನೋಡ್ರಿ ಅನಸೂಯಾ. ನಾ ಮಾತು ಕೊಟ್ಟೇನಿ" ಎಂದರು ಪ್ರಾಂಶುಪಾಲೆ.

"ಕಾಣೂದಿಲ್ರಿ ಮೇಡಂ."

ಅನಸೂಯಾ ಪ್ರತಿ ಹೆಸರಿನ ಮೇಲೂ ನನ್ನಿಂದ ಕಪ್ಪು ಪಟ್ಟಿ ಎಳೆಸಿದರು. ಕಾಗದದ ಮೇಲೆ ಮಾರ್ಕರ್ ಬಳಿದು ಝೆರಾಕ್ಸ್ ತೆಗೆದು ರೂಢಿಯಾದ ಕೈ ಅದು. ಆದರೆ ನನ್ನ ಕಪ್ಪು ಬರೀ ಹೊದಿಕೆ. ಕೆಳಗಿನ ಅಕ್ಷರ ಹಾಗೇ ಇರುತ್ತದೆ. ಪ್ರಿಂಟ್ ತೆಗೆದು ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಅವರು ಫೈಲನ್ನೇ ಮೇಲ್ ಮಾಡಿದರು. ಕೂಗಿ ಹೇಳಲು ನನಗೆ ಬಾಯಿಲ್ಲ.

ಮೇಷ್ಟ್ರ ಕಂಪ್ಯೂಟರಿನಲ್ಲೂ ನಾನೇ ಇದ್ದೆ. ಪುಕ್ಕಟೆಯಲ್ಲವೇ, ಎಲ್ಲೆಲ್ಲೂ ಇರುತ್ತೇನೆ. ಅವರು ಪಟ್ಟಿಯ ಮೇಲೆ ಒಮ್ಮೆ ಒತ್ತಿ, ಡಿಲೀಟ್ ಮಾಡಿದರು.

"ಓಹೋ, ಈಕಿನಾ!" ಎಂದು ನಕ್ಕರು. ಆ ನಗೆ ನೆನೆದರೆ ಈಗಲೂ ಅಸಹ್ಯವಾಗುತ್ತದೆ.

ಆ ವಾರವೇ ಹುಡುಗಿಯ ಅಪ್ಪ ಅವಳನ್ನು ಕರೆದುಕೊಂಡು ಟಿಸಿ ಕೇಳಲು ಬಂದರು. "ಆ ಮಾಸ್ತರ ಕಡಿಯವ್ರು ಮನಿತನಕ ಬಂದು ಅಂಜಿಸಿ ಹೋಗ್ಯಾರ್ರಿ. ಇನ್ನ ಆಕಿ ಓದೂದು ಬ್ಯಾಡ" ಎಂದರು.

ಹುಡುಗಿ ತಲೆ ಎತ್ತದೆಯೇ ಅನಸೂಯಾಗೆ ಅಂದಳು, "ಹೆಸರು ಬರೂದಿಲ್ಲ ಅಂತ ಮೇಡಂ ಅಂದಿದ್ರು, ಅಕ್ಕಾರ."

ಅನಸೂಯಾ ಫೈಲು ತೆರೆದು ಪಟ್ಟಿಯನ್ನು ಎಳೆದು ನೋಡಿದರು. ಅದು ಪಕ್ಕಕ್ಕೆ ಸರಿಯಿತು. ಕೆಳಗೆ ಹೆಸರು ಹಾಗೇ ಇತ್ತು. ಆಮೇಲೆ ಅದೇ ಕೈಯಿಂದ ಟಿಸಿಯ ಮೇಲೆ ಆ ಹೆಸರನ್ನು ಟೈಪ್ ಮಾಡಿದರು.

ಈಗ ನಮ್ಮ ಕಂಪ್ಯೂಟರು ಕೆಟ್ಟು ಸ್ಟೋರ್ ರೂಮಿನ ಮೂಲೆ ಸೇರಿದೆ. ಅದರೊಳಗೆ ನಾನೂ ಧೂಳು ತಿನ್ನುತ್ತಿದ್ದೇನೆ. ಇದ್ದೊಬ್ಬ ಸಾಕ್ಷಿಯೂ ಹೋಗಿ ದೂರು ಬಿದ್ದುಹೋಯಿತು, ಗೋಡೆಯಾಚೆ ಅದೇ ಮೇಷ್ಟ್ರು ಪಾಠ ಮಾಡುವುದು ಕೇಳಿಸುತ್ತದೆ. ನಾನು ಮೂಲೆ ಸೇರುವವರೆಗೂ ಸಾಕ್ಷಿ ಹೇಳಲು ಇನ್ನೊಬ್ಬ ಹುಡುಗಿ ಆ ಆಫೀಸಿಗೆ ಬರಲಿಲ್ಲ.