ಎಡದ ಬೋರ್ಡು, ಬಲದ ಬೋರ್ಡು

“ಒಳಗಿರೋದನ್ನ ಹೊರಗೆ ತರೋದು ಹೇಗೆ?”

ಅಣ್ಣ ಕೇಳಿದ್ದು ನನ್ನನ್ನಲ್ಲ, ಅತ್ತಿಗೆಯನ್ನೂ ಅಲ್ಲ. ಊಟದ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದ ಪೆಟ್ಟಿಗೆಯನ್ನಂತೂ ಅಲ್ಲವೇ ಅಲ್ಲ. ಕೈಯಲ್ಲಿದ್ದ ಚಿಮಟವನ್ನು ದಿಟ್ಟಿಸುತ್ತ ಕೇಳಿದ.

“ಬಾಯಿ ಬಿಟ್ಟು,” ಎಂದರು ಕಿಟಕಿ ಪಕ್ಕ ಕೂತಿದ್ದ ದೊಡ್ಡಮ್ಮ.

“ಅದಕ್ಕೆ ಬಾಯಿ ಇಲ್ವಲ್ಲ ದೊಡ್ಡಮ್ಮ. ಈಗ ಮಾಡಬೇಕಾಗಿರೋದು ಅದನ್ನೇ.”

“ಬಾಯಿ ಇಲ್ಲದ್ದಕ್ಕೆ ಇಷ್ಟು ದೊಡ್ಡ ಹೊಟ್ಟೆ ಕೊಟ್ಟಿದ್ದೀಯಾ? ಒಳ್ಳೇ ಬ್ರಹ್ಮ ಕಣೋ ನೀನು.”

ಅಣ್ಣನದು ಲಿಫ್ಟ್ ರಿಪೇರಿ ಕೆಲಸ. ಹಗಲೆಲ್ಲ ಎತ್ತರದ ಕಟ್ಟಡಗಳ ನೆತ್ತಿಯ ಮೇಲೆ ಗ್ರೀಸು ಮೆತ್ತಿಕೊಂಡು, ಸಂಜೆ ಬಂದು ಕೈ ತೊಳೆದು ಈ ಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಅದು ಸಿಂಥಸೈಜರ್, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಯಂತ್ರ. ಅಂಗಡಿಯಿಂದ ತಂದದ್ದಲ್ಲ, ಮನೆಯಲ್ಲೇ ಮಾಡಿದ್ದು. ಹಳೆಯ ಬೀರುವಿನ ಡ್ರಾಯರೇ ಅದರ ಮೈ. ಗುಂಡಿಗಳೆಲ್ಲ ಸತ್ತ ರೇಡಿಯೋಗಳವು, ಒಂದರ ಹಾಗೆ ಇನ್ನೊಂದಿಲ್ಲ. ಸ್ವರವೇನೋ ಆಗಲೇ ಹುಟ್ಟಿತ್ತು. ಆದರೆ ತೀರ ಬಡಕಲು. ಉದ್ದ ತಂತಿಗೆ ಕಟ್ಟಿದರೆ ಅರ್ಧ ದಾರಿಗೇ ಸುಸ್ತಾಗಿಬಿಡುತ್ತಿತ್ತು. ಅದಕ್ಕೆ ಕಸುವು ತುಂಬಿ, ಕೊಳೆ ತೆಗೆದು, ಹೊರಗೆ ಕಳಿಸಿಕೊಡುವ ಬೋರ್ಡೊಂದು ಬೇಕಿತ್ತು. ಔಟ್‌ಪುಟ್ ಬೋರ್ಡು.

ಪೆಟ್ಟಿಗೆ ಬೇಕಾಗಿದ್ದದ್ದು ದೊಡ್ಡಮ್ಮನಿಗೆ. ಅವರು ಪದ್ಯ ಓದುವವರು. ವಾಚನಾಲಯದ ಮಹಡಿಯ ಹಾಲಿನಲ್ಲಿ ಪ್ರತಿ ಗುರುವಾರ ನಾಲ್ಕರಿಂದ ಐದು, ಮೂವತ್ತೊಂದು ವರ್ಷ. ನಮ್ಮಿಬ್ಬರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವರೂ ಅವರೇ. ನಮಗೆ ಜ್ವರ ಬಂದರೆ ಪದ್ಯ, ಸುಳ್ಳು ಹೇಳಿದರೆ ಪದ್ಯ. ಹಲ್ಲುಜ್ಜುವುದಕ್ಕೂ ಒಂದಿತ್ತು, ಅದು ಮುಗಿಯುವ ತನಕ ಉಜ್ಜಬೇಕು. ಅಣ್ಣ ಆ ಪದ್ಯಗಳಿಂದ ಎಣಿಕೆ ಕಲಿತ. ನಾನು ಸುಮ್ಮನೆ ಕೂತು ಕೇಳುವುದನ್ನು ಕಲಿತೆ. ಈಗಲೂ ಅವರು ಮೊದಲ ಸಾಲು ಎತ್ತಿದರೆ ನನ್ನ ಕೈಗಳು ತಾವಾಗಿ ಕೂಡಿಕೊಳ್ಳುತ್ತವೆ.

ಅವರ ಓದಿಗೆ ಶ್ರುತಿ ಹಿಡಿಯುತ್ತಿದ್ದವರು ಹಾರ್ಮೋನಿಯಂ ಮಾಸ್ತರು. ಹೋದ ವರ್ಷ ಮಾಸ್ತರು ತೀರಿಕೊಂಡರು. ಆಮೇಲೆ ಕೆಲವು ವಾರ ದೊಡ್ಡಮ್ಮ ಒಬ್ಬರೇ ಓದಿದರು. ಕೆಳಗೆ ಹಿಡಿದು ನಿಲ್ಲಿಸುವ ಸ್ವರವಿಲ್ಲದೆ ಅವರ ದನಿ ಪದ್ಯದಿಂದ ಪದ್ಯಕ್ಕೆ ಕೂದಲೆಳೆಯಷ್ಟು ಇಳಿಯುತ್ತಿತ್ತು. ಬೇರೆಯವರಿಗೆ ಗೊತ್ತಾಗುತ್ತಿತ್ತೋ ಇಲ್ಲವೋ, ಅವರಿಗೆ ಗೊತ್ತಾಗುತ್ತಿತ್ತು. ಒಂದು ಗುರುವಾರ ಪದ್ಯದ ನಡುವೆಯೇ ನಿಲ್ಲಿಸಿ, ಪುಸ್ತಕ ಮುಚ್ಚಿ, “ಇವತ್ತಿಗೆ ಸಾಕು” ಅಂದು ಇಳಿದು ಬಂದರು. ಆ ‘ಇವತ್ತು’ ನಾಲ್ಕು ತಿಂಗಳು ಎಳೆಯಿತು. ಮಾಸ್ತರ ಜಾಗದಲ್ಲಿ ಶ್ರುತಿ ಹಿಡಿಯಲೆಂದೇ ಅಣ್ಣ ಈ ಪೆಟ್ಟಿಗೆಗೆ ಕೈ ಹಾಕಿದ್ದು.

ಹಾಲಿನ ಮ್ಯಾನೇಜರು ಕೆಟ್ಟವರಲ್ಲ. ಸೊಂಟದಲ್ಲಿ ಬೀಗದಕೈಗಳ ಗೊಂಚಲು ಜಣಗುಡುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಅವರ ಹೆಸರು ಗೊಂಚಲು ರಾಯರು. ಅವರು ಹೇಳಿಕಳಿಸಿದ್ದರು: “ನಗೆಕೂಟದವರು ಆ ಒಂದು ಗಂಟೆ ಕೇಳ್ತಿದ್ದಾರೆ. ಬರೋ ಗುರುವಾರ ಅಮ್ಮ ಓದಿದರೆ ಸರಿ. ಇಲ್ಲದಿದ್ದರೆ ಅವರಿಗೆ ಕೊಟ್ಟುಬಿಡ್ತೀನಿ.”

“ನಾನು ಬಿಟ್ಟ ಜಾಗದಲ್ಲಿ ಕೂತು ನಗ್ತಾರಂತಾ?” ಎಂದಿದ್ದರು ದೊಡ್ಡಮ್ಮ. ಆಮೇಲೆ, ನನಗೊಬ್ಬಳಿಗೆ ಕೇಳುವ ಹಾಗೆ, “ಓದದೆ ಇಟ್ಟರೆ ಹಳಸುತ್ತೆ ಕಣೇ,” ಅಂದರು.

ಅಣ್ಣ ಕಾಗದದ ಮೇಲೆ ಗೆರೆ ಎಳೆದು ನನಗೆ ಬಿಡಿಸಿ ಹೇಳಿದ.

“ನೋಡು ಪುಟ್ಟಿ, ಹಾಲಿನಲ್ಲಿ ವೇದಿಕೆಯಿಂದ ಆಂಪ್ಲಿಫೈಯರಿಗೆ ಇಪ್ಪತ್ತು ಮೀಟರ್ ತಂತಿ. ದಾರಿ ಉದ್ದಕ್ಕೂ ಟ್ಯೂಬ್‌ಲೈಟು, ಫ್ಯಾನು ಎಲ್ಲ ತಮ್ಮ ಗುಂಯ್ ಅನ್ನೋದನ್ನ ಅದರೊಳಗೆ ತುರುಕ್ತವೆ. ಅದಕ್ಕೇ ಒಂದೇ ಸ್ವರಾನ ಎರಡು ತಂತೀಲಿ ಕಳಿಸ್ತೀನಿ. ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ತಲೆಕೆಳಗಾಗಿ.”

“ತಲೆಕೆಳಗಾದ ಸ್ವರ ಬೇರೆ ಥರ ಕೇಳುತ್ತಾ?”

“ಇಲ್ಲ, ಒಂದೇ ಥರ.”

“ಮತ್ತೆ ಅದು ತಲೆಕೆಳಗು ಅಂತ ಯಾರಿಗೆ ಗೊತ್ತಾಗುತ್ತೆ?”

“ನೆಟ್ಟಗಿರೋದರ ಪಕ್ಕ ನಿಲ್ಲಿಸಿದಾಗ ಗೊತ್ತಾಗುತ್ತೆ. ಆ ತುದೀಲಿ ತಲೆಕೆಳಗಾದ್ದನ್ನ ಮತ್ತೆ ಮಗುಚಿ ಎರಡನ್ನೂ ಕೂಡಿಸ್ತಾರೆ. ಸ್ವರ ಎರಡರಷ್ಟಾಗುತ್ತೆ. ದಾರೀಲಿ ಸೇರಿಕೊಂಡ ಗುಂಯ್ ಎರಡು ತಂತೀಲೂ ಒಂದೇ ಥರ ಇರುತ್ತಲ್ಲ? ಒಂದನ್ನ ಮಗುಚಿದ ಕೂಡಲೇ ಅವು ಒಂದನ್ನೊಂದು ತಿಂದು ಹಾಕ್ತವೆ.”

ನನಗೆ ಅರ್ಧ ಅರ್ಥವಾಯಿತು. ಆ ಅರ್ಧವೇ ಎರಡು ದಿನ ತಲೆಯಲ್ಲಿ ಸುತ್ತುತ್ತಿತ್ತು. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ, ಬೆಳಗಿನ ಪ್ರಾರ್ಥನೆಗೆ ಕೂತಾಗಲೂ. ಎರಡು ಸದ್ದು ಒಂದನ್ನೊಂದು ತಿಂದರೆ ಉಳಿಯುವುದು ಮೌನವೋ, ಇಲ್ಲ ಬೇರೆ ಇನ್ನೇನೋ?

ಪೆಟ್ಟಿಗೆಗೆ ಎಡಕ್ಕೊಂದು ಬಲಕ್ಕೊಂದು ಬಾಯಿ ಇರಬೇಕೆಂದು ಅಣ್ಣ ಹಟ ಹಿಡಿದಿದ್ದ. “ಎರಡು ಕಿವಿ ಇರೋರಿಗೆ ಒಂದೇ ಬಾಯಿ ಸಾಲದು” ಎನ್ನುತ್ತಿದ್ದ. ಹಾಗಾಗಿ ಬೋರ್ಡು ಎರಡಾದವು. ಅವುಗಳ ಗೆರೆ ಹಾಕುವ ಕೆಲಸ ಅತ್ತಿಗೆಯ ಪಾಲಿಗೆ ಬಂತು, ಏಕೆಂದರೆ ಅಣ್ಣ ಎಳೆದ ಗೆರೆ ಎರೆಹುಳು ನಡೆದ ಹಾಗಿರುತ್ತದೆ. ಅತ್ತಿಗೆ ಟೈಲರ್. ನಮ್ಮ ಬೀದಿಯ ಅರ್ಧ ಮಕ್ಕಳ ಯೂನಿಫಾರಂ ಅವರ ಕತ್ತರಿಯಿಂದಲೇ ಬಂದದ್ದು. ತಾಮ್ರ ಹೊದಿಸಿದ ಹಲಗೆಯ ಮೇಲೆ ಅಳಿಸದ ಮಸಿಯಲ್ಲಿ ಗೆರೆ ಎಳೆದು, ಅದನ್ನು ಕಂದು ದ್ರಾವಣದ ತಟ್ಟೆಯಲ್ಲಿ ಮುಳುಗಿಸಬೇಕು. ಮಸಿ ಇಲ್ಲದ ಕಡೆಯ ತಾಮ್ರವೆಲ್ಲ ಕರಗಿ, ಗೆರೆಗಳಷ್ಟೇ ಉಳಿಯುತ್ತವೆ. ಅತ್ತಿಗೆ ಬಟ್ಟೆಯ ಅಳತೆಗೆ ಇಟ್ಟುಕೊಂಡ ತೆಳು ಕಾಗದದ ಮೇಲೆ ಎಡದ ಬೋರ್ಡನ್ನು ಮೊದಲು ಬರೆದರು.

“ಬಲದ್ದಕ್ಕೆ ಕಾಗದ ಮಗುಚಿ ಹಾಕ್ತೀನಿ ಕಣ್ರೀ. ಎರಡೂ ಎದುರುಬದುರು ಚೆಂದ ಕೂರ್ತವೆ.”

“ನಡುವೆ ಎಂಟು ಕಾಲಿನ ಚಿಪ್ ಇದೆಯಲ್ಲ, ಅದನ್ನ ಮಾತ್ರ ಮಗುಚಬೇಡ. ಅದಕ್ಕೆ ಎಡ ಯಾವುದು ಬಲ ಯಾವುದು ಗೊತ್ತಾಗುತ್ತೆ.”

“ಅಷ್ಟು ತಿಳಿಯಲ್ವಾ ನಂಗೆ? ಮಗುಚಿ ಜೇಬು ಹೊಲಿದರೆ ಚಿಲ್ಲರೆ ಎಲ್ಲಿ ನಿಲ್ಲುತ್ತೆ?”

ಮಂಗಳವಾರ ಅಣ್ಣ ಎಡದ ಬೋರ್ಡನ್ನು ಒಂದು ಸ್ಪೀಕರಿಗೆ ಕಟ್ಟಿ ನೋಡಿದ. ಸ್ವರ ಕಂಬದ ಹಾಗೆ ನಿಂತಿತು. ಬುಧವಾರ ಬಲದ್ದು. ಅದೂ ಕಂಬವೇ. ಆಮೇಲೆ ಎರಡನ್ನೂ ಎರಡು ಸ್ಪೀಕರಿಗೆ ಜೋಡಿಸಿ ನನ್ನನ್ನು ನಡುವೆ ಕೂರಿಸಿದ.

“ಹೇಗಿದೆ? ಮನೆಗೆ ಕಿವಿ ಅಂತ ಇರೋಳು ನೀನೊಬ್ಬಳೇ, ಹೇಳು.”

ಸ್ವರ ಕೋಣೆಯಲ್ಲಿತ್ತು. ಆದರೆ ಎದುರಿಗೆ ಇರಲಿಲ್ಲ. ಬೆನ್ನ ಹಿಂದೆ ಯಾರೋ ಸುಮ್ಮನೆ ಬಂದು ನಿಂತ ಹಾಗಿತ್ತು. ತಿರುಗಿ ನೋಡಬೇಕೆನ್ನಿಸಿತು, ನೋಡಲಿಲ್ಲ. ಯಂತ್ರದ ದನಿ ಎಂದರೆ ಹೀಗೇ ಇರಬಹುದು ಅಂದುಕೊಂಡು “ಚೆನ್ನಾಗಿದೆ” ಎಂದೆ. ಕಿವಿ ಅಂತ ಕೂರಿಸಿದಾಗ ಕೇಳಿದ್ದನ್ನು ಕೇಳಿದ ಹಾಗೆ ಹೇಳಬೇಕಿತ್ತು. ಆ ತಪ್ಪು ನನ್ನದು.

ಗುರುವಾರ ಅಣ್ಣ ಅರ್ಧ ದಿನ ರಜೆ ಹಾಕಿದ. ಹಾಲಿಗೆ ಇಪ್ಪತ್ತೆರಡು ಮೆಟ್ಟಿಲು. ದೊಡ್ಡಮ್ಮ ಒಂದೊಂದಕ್ಕೂ ಮಂಡಿ ಹಿಡಿದುಕೊಂಡು ಹತ್ತಿದರು. “ಊರ ಲಿಫ್ಟೆಲ್ಲ ರಿಪೇರಿ ಮಾಡ್ತೀಯ, ಇಲ್ಲೊಂದು ಹಾಕಿಸಬಾರದೇನೋ?” ಎಂದು ಅಣ್ಣನನ್ನು ಚುಚ್ಚಲು ಮರೆಯಲಿಲ್ಲ. ಹಳೆಯ ಕೇಳುಗರು ಹದಿನೈದು ಜನ ಬಂದಿದ್ದರು. ವೇದಿಕೆಯ ಮೇಲೆ, ಗೋಡೆಗೆ, ಒಂದೇ ಒಂದು ಸ್ಪೀಕರ್. ಪೆಟ್ಟಿಗೆಯ ಎರಡೂ ಬಾಯಿಂದ ಹೊರಟ ತಂತಿಗಳು ಹಿಂದಿನ ಆಂಪ್ಲಿಫೈಯರಿನಲ್ಲಿ ಸೇರಿ, ಒಂದಾಗಿ ಅದಕ್ಕೇ ಬರಬೇಕಿತ್ತು.

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ. ಅಣ್ಣ ಸ್ವಿಚ್ ಒತ್ತಿದ. ಕೆಂಪು ದೀಪ ಹತ್ತಿತು. ಸ್ವರ ಬರಲಿಲ್ಲ. ಗುಂಡಿಯನ್ನು ಪೂರ್ತಿ ತಿರುಗಿಸಿದ. ಮುಚ್ಚಿದ ಬಾಗಿಲಾಚೆ ಯಾರೋ ಉಸಿರಾಡಿದಷ್ಟು ಸದ್ದು ಬಂತು, ಅಷ್ಟೇ. ಅದೇ ಹೊತ್ತಿಗೆ ಕಾರಿಡಾರಿನಿಂದ “ಹೋ ಹೋ ಹೋ, ಹಾ ಹಾ ಹಾ” ಎಂದು ನಗೆ ಕೇಳಿಸಿತು. ಜಾಗ ಸಿಗಬಹುದೆಂದು ಬಂದಿದ್ದ ನಗೆಕೂಟದವರು ಹೊರಗೆ ಅಭ್ಯಾಸ ಮಾಡುತ್ತಿದ್ದರು.

“ಹೊತ್ತು ನೋಡಿ ನಗ್ತಾರೆ,” ಎಂದರು ದೊಡ್ಡಮ್ಮ. ಆದರೆ ಅವರ ಬೆರಳುಗಳು ಪುಸ್ತಕದ ಅಂಚನ್ನು ಬಿಗಿಯಾಗಿ ಹಿಡಿದಿದ್ದವು.

ಅಣ್ಣ ಬಲದ ತಂತಿ ಕಿತ್ತ. ತಕ್ಷಣ ಸ್ವರ ಹಾಲಿನ ತುಂಬ ನಿಂತಿತು. “ಸರಿ, ಬಲದ ಬೋರ್ಡು ಕೈ ಕೊಟ್ಟಿದೆ,” ಎಂದು ಅದನ್ನು ಮತ್ತೆ ಸಿಕ್ಕಿಸಿ ಎಡದ್ದನ್ನು ಕಿತ್ತು ನೋಡಿದ. ಸ್ವರ ಅಷ್ಟೇ ಗಟ್ಟಿಯಾಗಿ ಬಂತು. ಎರಡನ್ನೂ ಸಿಕ್ಕಿಸಿದ. ಮಾಯ.

ಗೊಂಚಲು ರಾಯರು ಗಡಿಯಾರ ನೋಡಿದರು. ಬೀಗದಕೈಗಳು ಜಣ್ ಅಂದವು.

“ಅಣ್ಣ,” ಎಂದೆ. ಇಷ್ಟು ಜನರ ಮುಂದೆ ನಾನು ಬಾಯಿ ಬಿಡುವವಳಲ್ಲ. “ನಿನ್ನೆ ಮನೇಲಿ ಸ್ವರ ಎದುರಿಗೆ ಇರಲಿಲ್ಲ. ಬೆನ್ನ ಹಿಂದೆ ಇದ್ದ ಹಾಗಿತ್ತು.”

“ನಿನ್ನೆ ಹೇಳೋಕೆ ಏನಾಗಿತ್ತೇ?”

“ಎರಡರಲ್ಲಿ ಒಂದು ತಲೆಕೆಳಗಾಗಿ ಹೊರಡ್ತಿದೆಯಾ?”

ಅಣ್ಣ ಉತ್ತರಿಸುವ ಮೊದಲೇ ಅತ್ತಿಗೆ ಪೆಟ್ಟಿಗೆಯ ಮುಚ್ಚಳ ಎತ್ತಿದ್ದರು. ಎದುರುಬದುರು ಕೂತ ಎರಡು ಬೋರ್ಡುಗಳನ್ನು ನೋಡಿ ನಾಲಗೆ ಕಚ್ಚಿಕೊಂಡರು.

“ಅಯ್ಯೋ, ತೋಳು!”

“ಯಾರ ತೋಳು?” ಎಂದರು ಗೊಂಚಲು ರಾಯರು.

“ಅಂಗಿ ತೋಳು ಸಾರ್. ಎಡಗೈದನ್ನ ಮಗುಚಿದರೆ ತಾನೇ ಬಲಗೈದು? ಮಗುಚದೆ ಕತ್ತರಿಸಿದರೆ ಎರಡು ತೋಳೂ ಒಂದೇ ಕೈಗೆ ಬರ್ತವೆ. ಅದೇ ರೂಢಿ ನನಗೆ. ಚಿಪ್ ಮಗುಚಬೇಡ ಅಂದ್ರು, ಮಗುಚಲಿಲ್ಲ. ತಂತಿ ಸಿಕ್ಕಿಸೋ ಸಾಕೆಟ್ಟನ್ನ ಮಗುಚಿಬಿಟ್ಟಿದ್ದೀನಿ. ನೆಟ್ಟಗಿರೋ ತಂತಿ, ತಲೆಕೆಳಗಿನ ತಂತಿ ಅದಲುಬದಲಾಗಿವೆ.” ಆಮೇಲೆ ಗಂಡನ ಕಡೆ ತಿರುಗಿ, “ಸಾಕೆಟ್ಟಿನ ಮಾತು ನೀವು ಎತ್ತಲೇ ಇಲ್ಲ,” ಅಂದರು.

ಅಣ್ಣ ಸಿಡುಕುತ್ತಾನೆ ಅಂದುಕೊಂಡೆ. ಅವನು ಬೋರ್ಡುಗಳ ಮೇಲೆ ಬಗ್ಗಿ ಸಣ್ಣ ಮಗುವಿನ ಹಾಗೆ ನಗತೊಡಗಿದ. “ಒಂದೊಂದನ್ನೇ ಪರೀಕ್ಷೆ ಮಾಡಿದೆನಲ್ಲ! ಒಂಟಿಯಾಗಿ ಇಬ್ಬರೂ ಸಾಚಾ. ದೊಡ್ಡಮ್ಮ, ಲಿಫ್ಟಿಗೆ ಎದುರು ತೂಕ ಅಂತ ಒಂದು ಕಟ್ಟಿರ್ತೀವಿ. ಲಿಫ್ಟು ಮೇಲೆ ಹೋದರೆ ಅದು ಕೆಳಗೆ, ಲಿಫ್ಟು ಕೆಳಗೆ ಬಂದರೆ ಅದು ಮೇಲೆ. ಎರಡೂ ದಿನವಿಡೀ ಓಡಾಡ್ತವೆ. ಎರಡನ್ನೂ ಕೂಡಿ ಲೆಕ್ಕ ಹಾಕಿದರೆ ಯಾರೂ ಎಲ್ಲಿಗೂ ಹೋಗಿಲ್ಲ.”

“ಅಂದ್ರೆ ಇಬ್ಬರೂ ಸರಿಯಾಗೇ ಹಾಡ್ತಿದ್ದಾರೆ,” ಎಂದರು ದೊಡ್ಡಮ್ಮ ನಿಧಾನವಾಗಿ. “ಒಟ್ಟಿಗೆ ಹಾಡಿದರೆ ಮಾತ್ರ ಇಬ್ಬರೂ ಇಲ್ಲ.”

“ಹೂಂ.”

“ಇನ್ನೊಂದು ಸಲ ಮಾಡು, ನೋಡೋಣ.”

ಅಣ್ಣ ಕಿತ್ತ, ಸ್ವರ ಬಂತು. ಸಿಕ್ಕಿಸಿದ, ಹೋಯಿತು. ದೊಡ್ಡಮ್ಮ ಮೂರು ಸಲ ಮಾಡಿಸಿದರು, ಪ್ರತಿ ಸಲವೂ ಸ್ಪೀಕರಿನ ಕಡೆ ಕತ್ತು ಚಾಚಿ. ಕೇಳುಗರು ಎದ್ದು ವೇದಿಕೆಯ ಸುತ್ತ ನೆರೆದರು. ಬಾಗಿಲಲ್ಲಿ ನಗೆಕೂಟದವರ ತಲೆಗಳು ಕಾಣಿಸಿಕೊಂಡವು, ನಗುವುದು ಮರೆತಿತ್ತು. ನಾನೂ ಕಿವಿಗೊಟ್ಟು ಕೇಳಿದೆ. ಅವತ್ತು ಎರಡು ದಿನ ತಲೆಯಲ್ಲಿ ಸುತ್ತಿದ್ದ ಪ್ರಶ್ನೆ ಎದುರಿಗೇ ಇತ್ತು. ಅದು ಬರಿಯ ಮೌನವಲ್ಲ, ಒಳಗೆ ಇಬ್ಬರು ಗಟ್ಟಿಯಾಗಿ ಹಾಡುತ್ತಿದ್ದ ಮೌನ. ನನಗೆ ಗೊತ್ತಿಲ್ಲದೆ ದೇವರ ಹೆಸರು ಬಾಯಿಗೆ ಬಂತು.

“ಸಾಕು. ಒಬ್ಬರನ್ನ ಕೂರಿಸು, ಒಬ್ಬರನ್ನ ಹಾಡಿಸು. ನಾಲ್ಕಾಯ್ತು,” ಎಂದು ದೊಡ್ಡಮ್ಮ ಪುಸ್ತಕ ಬಿಚ್ಚಿದರು.

ಬಲದ ತಂತಿ ನೆಲದ ಮೇಲೆ ಸುರುಳಿಯಾಗಿ ಬಿದ್ದಿತ್ತು. ಎಡದ ಬೋರ್ಡಿನ ಸ್ವರದ ಮೇಲೆ ಅವರ ಮೊದಲ ಸಾಲು ತಡಕಾಡಿತು, ಕತ್ತಲಲ್ಲಿ ಮೆಟ್ಟಿಲು ಹುಡುಕುವ ಕಾಲಿನ ಹಾಗೆ. ಎರಡನೆಯದರಲ್ಲಿ ಹೆಜ್ಜೆ ಸಿಕ್ಕಿತು. ಆಮೇಲೆ ಒಂದು ಗಂಟೆ ಹಾಲಿನಲ್ಲಿ ಕುರ್ಚಿ ಕಿರುಗುಟ್ಟಲಿಲ್ಲ. ನಾನು ಕಣ್ಣು ಮುಚ್ಚಿ ದನಿಯ ಇಳಿತಕ್ಕಾಗಿ ಕಾದೆ. ಮೂರನೇ ಪದ್ಯ, ಏಳನೇ ಪದ್ಯ, ಹನ್ನೊಂದು. ಕೊನೆಯ ಸಾಲು ಮೊದಲ ಸಾಲು ಹೊರಟ ಎತ್ತರದಲ್ಲೇ ಬಂದು ಕೂತಿತು. ದೊಡ್ಡಮ್ಮನಿಗೂ ಅದು ಗೊತ್ತಾಯಿತು. ಮೂಗಿನ ತುದಿಯಲ್ಲಿ ಬೆವರಿತ್ತು, ಒರೆಸಿಕೊಳ್ಳಲಿಲ್ಲ.

ಜನ ಎದ್ದ ಮೇಲೆ ಗೊಂಚಲು ರಾಯರು ಬಂದು ಕೈ ಮುಗಿದರು. “ಗುರುವಾರ ನಿಮ್ಮದೇ ತಾಯಿ, ಅದರಲ್ಲಿ ಎರಡು ಮಾತಿಲ್ಲ.” ಆಮೇಲೆ ಅವರ ಮಂಡಿಯ ಕಡೆ ನೋಡಿ ದನಿ ತಗ್ಗಿಸಿದರು. “ಆದರೆ ಈ ಮೆಟ್ಟಿಲು... ನನ್ನದೊಂದು ಕೋರಿಕೆ. ಇವತ್ತಿನ ಥರಾನೇ ಒಂದು ಸಲ ಓದಿ, ರೆಕಾರ್ಡ್ ಮಾಡಿಟ್ಟುಕೊಳ್ತೀವಿ. ಪ್ರತಿ ಗುರುವಾರ ನಾಲ್ಕಕ್ಕೆ ನಾನೇ ಹಾಕ್ತೀನಿ. ನೀವು ಮನೇಲಿ ಕಾಲು ಚಾಚಿ ಆರಾಮಾಗಿರಿ.”

ಅಣ್ಣನ ಕಣ್ಣು ಮಿನುಗಿತು. “ಬಲದ ಬೋರ್ಡು ಸರಿ ಮಾಡಿ ನೇರ ರೆಕಾರ್ಡರಿಗೇ ಕಟ್ಟಬಹುದು ದೊಡ್ಡಮ್ಮ. ಒಂಚೂರೂ ಗುಂಯ್ ಇರೋಲ್ಲ. ಒಂದೇ ಒಂದು ಸಲ.”

ದೊಡ್ಡಮ್ಮ ಇಬ್ಬರನ್ನೂ ನೋಡಿದರು. ಸಿಟ್ಟೇನೂ ಇರಲಿಲ್ಲ.

“ಆಗೋದಿಲ್ಲ,” ಎಂದರು.

“ಅಮ್ಮ, ನಿಮ್ಮ ಒಳ್ಳೇದಕ್ಕೇ...”

“ಆಗೋದಿಲ್ಲ ಅಂದೆನಲ್ಲಪ್ಪ. ಓದದೆ ಇಟ್ಟದ್ದು ಹಳಸುತ್ತೆ. ಒಂದು ಸಲವೂ ಇಲ್ಲ.”