ಗಿಟಾರ್ ಪಟ್ಟಿಯ ಹಳೆಯ ತೂತು

ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ ಎರಡು ಕುರ್ಚಿಗಳಿವೆ. ಒಂದು ಅಣ್ಣನದು, ಇನ್ನೊಂದು ತಮ್ಮನದು. ತಮ್ಮ ಜ್ವರದಲ್ಲಿ ತೀರಿಕೊಂಡ ಮೇಲೆ ಅವನ ಕುರ್ಚಿಯಲ್ಲಿ ಯಾರೂ ಕೂರುವ ಹಾಗಿರಲಿಲ್ಲ. ಭಾನುವಾರ ಗಿರಾಕಿಗಳು ಬಾಗಿಲಾಚೆ ನಿಂತು ಕಾಯುತ್ತಿದ್ದರೂ ಅದು ಖಾಲಿಯೇ ಇರುತ್ತಿತ್ತು. ಹೊಸಬರು ತಿಳಿಯದೆ ಕೂರಲು ಹೋದರೆ ಅಣ್ಣ ಕತ್ತರಿ ನಿಲ್ಲಿಸಿ, "ಅದು ಕೆಟ್ಟಿದೆ ಸ್ವಾಮಿ" ಎನ್ನುತ್ತಿದ್ದ. ಕುರ್ಚಿ ಕೆಟ್ಟಿರಲಿಲ್ಲ.

ತಮ್ಮ ಉದ್ದನೆಯ ಆಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದೇ ಕುರ್ಚಿಯಲ್ಲಿ ಓರೆಯಾಗಿ ಒರಗಿ, ಒಂದು ಕಾಲನ್ನು ಕುರ್ಚಿಯ ಕೈಯ ಮೇಲೆ ಹಾಕಿ ಗಿಟಾರ್ ನುಡಿಸುತ್ತಿದ್ದ. ಬೀದಿಯ ಪ್ರಾರ್ಥನಾ ಮಂದಿರದಲ್ಲಿ ವಾರದ ಪ್ರಾರ್ಥನೆ ಮುಗಿಯುವಾಗ ಅವನು ನುಡಿಸುವ ಒಂದು ಧಾಟಿ ಇತ್ತು. ಅದು ನಿಲ್ಲುವ ತನಕ ಯಾರೂ ಏಳುತ್ತಿರಲಿಲ್ಲ. ಅಳುವ ಕೂಸುಗಳು ಕೂಡ ಸುಮ್ಮನಾಗುತ್ತಿದ್ದವು. ಅವನು ಹೋದ ಮೇಲೆ ಪ್ರಾರ್ಥನೆ ಮುಗಿದೊಡನೆ ಬೆಂಚುಗಳನ್ನು ಎಳೆಯುವ ಸದ್ದು ಮಾತ್ರ ಕೇಳಿಸುತ್ತಿತ್ತು.

ವರ್ಷ ತುಂಬುವ ದಿನ ತಮ್ಮನ ಸ್ಮರಣೆಯ ಪ್ರಾರ್ಥನೆ. ಆ ದಿನ ಆ ಧಾಟಿಯನ್ನು ತಾನೇ ನುಡಿಸುವೆನೆಂದು ಅಣ್ಣ ದೇವರಿಗೆ ಮಾತು ಕೊಟ್ಟ. ಬೆರಳಿಡುವ ಕ್ರಮವನ್ನು ತಮ್ಮನೇ ಹಿಂದೊಮ್ಮೆ ಅಷ್ಟಿಷ್ಟು ಕಲಿಸಿದ್ದ. ಉಳಿದದ್ದಕ್ಕೆ ಫೋನಿನಲ್ಲಿ ಅವನು ನುಡಿಸಿದ್ದು ಇತ್ತು. ಅಣ್ಣ ಮಧ್ಯಾಹ್ನ ಅಂಗಡಿಯ ಬಾಗಿಲು ಅರೆಮುಚ್ಚಿ, ತಮ್ಮನ ಕುರ್ಚಿಯಲ್ಲಿ ತಮ್ಮನ ಹಾಗೆಯೇ ಓರೆಯಾಗಿ ಕುಳಿತು ಅಭ್ಯಾಸಕ್ಕೆ ತೊಡಗಿದ.

ಆದರೆ ಅಣ್ಣ ಗಿಡ್ಡ. ಕುರ್ಚಿಯ ಕೈ ಅಡ್ಡ ಬಂದು ಗಿಟಾರ್ ಒಂದು ಕಡೆ ಎತ್ತಿಕೊಳ್ಳುತ್ತಿತ್ತು. ಎಡ ಭುಜ ಕಿವಿಯತ್ತ ಏರುತ್ತಿತ್ತು. ಬೆರಳು ಎಲ್ಲಿದೆಯೆಂದು ನೋಡಲು ಕತ್ತನ್ನು ಗಿಟಾರಿನ ಮೇಲೆ ಬಾಗಿಸುತ್ತಿದ್ದ. ಹೆಗಲಿಗೆ ಹಾಕುವ ಪಟ್ಟಿಯೂ ಅವನಿಗೆ ತೀರ ಉದ್ದ. ಅಂಗಡಿಯಲ್ಲಿ ಸಿಕ್ಕ ಪಟ್ಟಿಯ ತೂತುಗಳು ಸಾಲದೆಂದು ತಮ್ಮ ತನ್ನ ಎತ್ತರಕ್ಕೆ ತಕ್ಕಂತೆ ಕಾಯಿಸಿದ ಮೊಳೆಯಿಂದ ತಾನೇ ಒಂದು ತೂತು ಕೊರೆದುಕೊಂಡಿದ್ದ. ಅಣ್ಣ ನಿಂತು ನುಡಿಸಿದರೆ ಗಿಟಾರ್ ತೊಡೆಯ ಬಳಿ ಜೋಲುತ್ತಿತ್ತು, ಮಣಿಕಟ್ಟು ಕೊಕ್ಕೆಯಂತೆ ಬಾಗುತ್ತಿತ್ತು. ಬಕಲ್ ಬಿಚ್ಚಿ ಮೇಲಿನ ತೂತಿಗೆ ಹಾಕಿದ್ದರೆ ಮುಗಿದಿತ್ತು. ಅಣ್ಣ ಅದನ್ನು ಮುಟ್ಟಲಿಲ್ಲ.

ಮೊದಲು ಬೆರಳ ತುದಿ ಉರಿಯಿತು. ಆಮೇಲೆ ಕತ್ತು ಹಿಡಿಯಿತು. ಆಮೇಲೆ ಬೆಳಿಗ್ಗೆ ಏಳುವಾಗ ಎಡಗೈಯ ಕಿರುಬೆರಳೂ ಉಂಗುರಬೆರಳೂ ತನ್ನವಲ್ಲವೆಂಬಂತೆ ಮರಗಟ್ಟಿರುತ್ತಿದ್ದವು.

"ರೀ, ಕೈ ಒದರ್ತಾ ಇದ್ದೀರಲ್ಲ, ಏನಾಯ್ತು?" ಎಂದು ಹೆಂಡತಿ ಕೇಳಿದಳು.

"ಏನಿಲ್ಲ. ಕೈ ಕೆಳಗಿಟ್ಟು ಮಲಗಿದ್ದೆ."

"ದಿನಾ ಕೈ ಕೆಳಗಿಟ್ಟೇ ಮಲಗ್ತೀರಾ? ಡಾಕ್ಟ್ರಿಗೆ ತೋರಿಸಿ ಅಂದ್ರೆ ಕಿವಿಗೆ ಹಾಕ್ಕೊಳ್ಳಲ್ಲ."

"ಕಲಿಯೋವಾಗ ನೋವು ಇದ್ದೇ ಇರುತ್ತೆ ಕಣೆ. ಅವನು ಜ್ವರದಲ್ಲಿ ಎಷ್ಟು ನರಳಿದ, ನೀನೇ ನೋಡಿದ್ದೀಯಲ್ಲ. ಅವನಿಗೋಸ್ಕರ ಇಷ್ಟು ತಡ್ಕೊಳ್ಳೋಕೆ ಆಗಲ್ವಾ ನನಗೆ?"

ಮೈದುನನನ್ನು ಕೊನೆಯ ದಿನಗಳಲ್ಲಿ ನೋಡಿಕೊಂಡವಳು ಅವಳೇ.

ಒಂದು ಬೆಳಿಗ್ಗೆ ನಿವೃತ್ತ ಅಂಚೆಯಣ್ಣ ಕೂದಲು ಕತ್ತರಿಸಿಕೊಳ್ಳಲು ಬಂದ. ಅಣ್ಣ ಎಡಗೈಯಲ್ಲಿ ಅವನ ಕಿವಿಯನ್ನು ಮಡಿಸಿ ಹಿಡಿದು ಹಿಂದಿನ ಕೂದಲನ್ನು ಕತ್ತರಿಸುತ್ತಿದ್ದ. ನಡುವೆ ಆ ಎರಡು ಬೆರಳುಗಳು ತಾವಾಗಿ ಸಡಿಲಿದವು. ಮಡಿಸಿದ್ದ ಕಿವಿ ಜಾರಿ ಕತ್ತರಿಯ ಬಾಯಿಗೆ ಬಂತು. ಬಿಳಿ ಬಟ್ಟೆಯ ಮೇಲೆ ರಕ್ತ ತೊಟ್ಟಿಕ್ಕಿತು.

"ಏನಯ್ಯ ಇದು! ಎರಡು ಇದೆಯಲ್ಲ, ಒಂದು ನನಗಿರ್ಲಿ ಅಂತ ತಗೊಳ್ತಾ ಇದ್ದೀಯಾ?" ಎಂದು ಅಂಚೆಯಣ್ಣ ಕೂಗಿದ.

ಅಣ್ಣ ನಗಲಿಲ್ಲ. ಪಟಿಕದ ಚೂರನ್ನು ಹುಡುಕಿ ಗಾಯಕ್ಕೆ ಒತ್ತಿದ. ಅಷ್ಟು ವರ್ಷಗಳ ಕೆಲಸದಲ್ಲಿ ಅವನ ಕೈಯಿಂದ ಹೀಗಾದದ್ದಿರಲಿಲ್ಲ. ಕನ್ನಡಿಯಲ್ಲಿ ಅವನ ಮುಖ ಬಿಳಿಚಿಕೊಂಡದ್ದನ್ನು ಕಂಡು ಅಂಚೆಯಣ್ಣನ ಸಿಟ್ಟು ಇಳಿಯಿತು.

"ಕೈ ತೋರಿಸು ಇಲ್ಲಿ. ಈ ಬೆರಳಿಗೆ ಗೊತ್ತಾಗುತ್ತಾ, ಚಿವುಟಿದ್ರೆ?"

"ಅಷ್ಟಾಗಿ ಗೊತ್ತಾಗಲ್ಲ."

"ಅಯ್ಯೋ ದೇವರೇ. ಸಂಜೆ ಮಗಳನ್ನ ಕಳಿಸ್ತೀನಿ, ಇರು."

ಅಂಚೆಯಣ್ಣನ ಮಗಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವಳು. ಬಿದ್ದವರನ್ನು ನಡೆಸುವುದು, ಬಿಗಿದ ಕೀಲನ್ನು ಸಡಿಲಿಸುವುದು ಅವಳ ಕೆಲಸ. ಸಂಜೆ ಬಂದು ಅಣ್ಣನ ಕತ್ತು, ಮೊಣಕೈ, ಮಣಿಕಟ್ಟು ಒತ್ತಿ ನೋಡಿದಳು. ಆಮೇಲೆ ಒಂದೇ ಮಾತು ಕೇಳಿದಳು.

"ಮಾಮ, ನೀವು ಹೇಗೆ ಕೂತು ನುಡಿಸ್ತೀರಿ? ಕೂತು ತೋರಿಸಿ."

ಅಣ್ಣ ತಮ್ಮನ ಕುರ್ಚಿಯಲ್ಲಿ ಓರೆಯಾಗಿ ಕುಳಿತ. ಅವಳು ಕುರ್ಚಿಯನ್ನು ಕನ್ನಡಿಯತ್ತ ತಿರುಗಿಸಿದಳು.

"ನೋಡಿ. ಯಾರು ಕಾಣಿಸ್ತಾರೆ?"

ಭುಜ ಏರಿ, ಬೆನ್ನು ಗೂನಾಗಿ, ಕತ್ತು ತಗ್ಗಿದ ಒಬ್ಬ ಮುದುಕ ಕನ್ನಡಿಯಲ್ಲಿದ್ದ. ಅಣ್ಣ ಮುಖ ತಿರುಗಿಸಿದ.

"ನರ ಎಲ್ಲೋ ಒತ್ತಿಕೊಂಡಿದೆ ಅನ್ಸುತ್ತೆ ಮಾಮ. ನಾಳೆನೇ ಆಸ್ಪತ್ರೆಗೆ ಬನ್ನಿ, ಡಾಕ್ಟ್ರು ನೋಡ್ಲಿ. ಅವರು ಹೇಳೋ ತನಕ ಗಿಟಾರ್ ಮುಟ್ಟಬೇಡಿ."

"ಆಗಲ್ಲಮ್ಮ. ಮುಂದಿನ ತಿಂಗಳೇ ಪ್ರಾರ್ಥನೆ."

"ಮುಟ್ಟಿದ್ರೆ ಆ ಬೆರಳುಗಳ ಬಲ ಹೋಗಬಹುದು. ಆಮೇಲೆ ಗಿಟಾರೂ ಇಲ್ಲ, ಕತ್ತರಿನೂ ಇಲ್ಲ."

"ಬೆರಳು ನೋಯದೆ ಯಾರು ಕಲಿತಿದ್ದಾರೆ? ಅವನ ಬೆರಳೂ ನೋಯ್ತಿತ್ತು."

"ಬೆರಳ ತುದಿ ಉರಿಯೋದು ಬೇರೆ ಮಾಮ. ಹೊಸದರಲ್ಲಿ ತಂತಿ ಒತ್ತಿ ಚರ್ಮ ಉರಿಯುತ್ತೆ, ಗಟ್ಟಿಯಾದ ಮೇಲೆ ಹೋಗುತ್ತೆ. ಮರಗಟ್ಟೋದು, ಜುಮ್ಮೆನ್ನೋದು, ಕೈಗೆ ಬಲ ಇಲ್ಲದಿರೋದು, ಕತ್ತಿಂದ ತೋಳಿಗೆ ನೋವು ಹರಿಯೋದು, ಇವು ಬೇರೆ. ಇವನ್ನ ತಡ್ಕೊಂಡು ಕೂರಬಾರದು. ನಿಲ್ಲಿಸಬೇಕು, ತೋರಿಸಬೇಕು."

ಅಣ್ಣ ಪಟ್ಟಿಯನ್ನು ಎದೆಗವಚಿಕೊಂಡು ಕುಳಿತೇ ಇದ್ದ. ಆಗ ಅಂಗಡಿಯ ಹಿಂದಿನ ಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಾತಾಡಿದಳು.

"ರೀ, ಪ್ರಾರ್ಥನೆಗೆ ಮಂಡಿ ನೋವಿನ ಮುದುಕಿಯರು ಬಂದ್ರೆ ಓಡಿ ಹೋಗಿ ಮೆತ್ತೆ ಹಾಕಿ ಕೂರಿಸೋರು ಯಾರು?"

"ನಾನೇ."

"ಯಾಕೆ? ನೋವು ತಿಂದು ಮೊಣಕಾಲೂರಲಿ ಅಂತ ಬಿಡಬಹುದಿತ್ತಲ್ಲ. ಅವರ ಪ್ರಾರ್ಥನೆ ದೇವರಿಗೆ ಮುಟ್ಟಲ್ವಾ, ಮೆತ್ತೆ ಮೇಲೆ ಕೂತ್ರೆ?"

ಅಣ್ಣ ಪಟ್ಟಿಯ ಬಕಲನ್ನು ಬೆರಳಿನಿಂದ ಸವರಿದ.

"ನಿಮ್ಮ ತಮ್ಮ ನರಳಿದ್ದು ನಿಮ್ಮ ಕೈ ಕೆಡಿಸೋಕಲ್ಲ. ಕೊನೇ ದಿನ ಕೂಡ ಅವನು 'ಅಣ್ಣ ಊಟ ಮಾಡಿದ್ನಾ' ಅಂತ ಕೇಳಿದ."

ಅಣ್ಣನ ಕಣ್ಣಲ್ಲಿ ನೀರು ಬಂತು. ಅವನು ಹೇಳಿದ: "ಈ ಬಕಲ್ ಅವನು ಹಾಕಿದ್ದು. ಬಿಚ್ಚಿದ್ರೆ ಮತ್ತೆ ಅವನು ಬಂದು ಹಾಕಲ್ಲ."

ಹುಡುಗಿ ಅವನ ಪಕ್ಕದಲ್ಲಿ ಕುಳಿತಳು. ತೂತಿನ ಮೇಲೆ ಬೆರಳಿಟ್ಟು, ಮೆಲ್ಲಗೆ ಹೇಳಿದಳು: "ಬಕಲ್ ಬಿಚ್ಚಿದ್ರೂ ಈ ತೂತು ಎಲ್ಲಿಗೂ ಹೋಗಲ್ಲ ಮಾಮ. ಅಂಚು ಸುಟ್ಟಿದೆ ನೋಡಿ, ಕಾಯಿಸಿದ ಮೊಳೇಲಿ ಮಾಡಿದ್ದು."

ಮರುದಿನ ಅಣ್ಣ ಆಸ್ಪತ್ರೆಗೆ ಹೋದ. ಡಾಕ್ಟರು ಕೈಗೆ ವಿಶ್ರಾಂತಿ ಬೇಕೆಂದರು. ಮಲಗುವಾಗ ಮೊಣಕೈ ಮಡಿಸದಿರಲು ಒಂದು ಕಟ್ಟು ಕೊಟ್ಟರು. ಹುಡುಗಿ ನಿಧಾನದ ಕೆಲವು ವ್ಯಾಯಾಮಗಳನ್ನು ಹೇಳಿಕೊಟ್ಟಳು. ಸ್ಮರಣೆಯ ದಿನ ಬಂತು. ಅಣ್ಣ ನುಡಿಸಲಿಲ್ಲ. ಗಿಟಾರನ್ನು ಒಯ್ದು ಮುಂದಿನ ಬೆಂಚಿನ ಮೇಲೆ ಇಟ್ಟ, ಅಷ್ಟೆ. ಪ್ರಾರ್ಥನೆ ಮುಗಿಯಿತು. ಗಿಟಾರ್ ಕಂಡು ಎಲ್ಲರೂ ಹಳೆಯ ರೂಢಿಯಂತೆ ಒಂದಿಷ್ಟು ಹೊತ್ತು ಕಾದರು. ಯಾವ ಸ್ವರವೂ ಬರಲಿಲ್ಲ. ಒಬ್ಬೊಬ್ಬರಾಗಿ ಎದ್ದರು. ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲವೆಂಬ ದುಃಖದಲ್ಲಿ ಅಣ್ಣ ಆ ದಿನ ಯಾರ ಮುಖವನ್ನೂ ನೋಡಲಿಲ್ಲ. ಬೆರಳು ಮೊದಲು ಮರಗಟ್ಟಿದಾಗಲೇ ನಿಲ್ಲಿಸಿ ತೋರಿಸಿದ್ದರೆ ಆ ಬೆಂಚಿನ ಮೇಲೆ ಗಿಟಾರ್ ಮೂಕವಾಗಿ ಮಲಗುತ್ತಿರಲಿಲ್ಲವೇನೋ.

ಚಳಿ ಕಳೆದ ಮೇಲೆ ಡಾಕ್ಟರು ಸ್ವಲ್ಪ ಸ್ವಲ್ಪ ನುಡಿಸಬಹುದೆಂದರು. ಹುಡುಗಿ ಮತ್ತೆ ಬಂದಳು. ಹೆಂಡತಿ ತನ್ನ ಹೊಲಿಗೆ ಯಂತ್ರದ ಸ್ಟೂಲನ್ನು ತಂದು ಕನ್ನಡಿಯ ಮುಂದೆ ಇಟ್ಟಳು.

"ಕೈ ಇಲ್ಲದ ಆಸನ. ಇದೇ ಬೇಕಿತ್ತು ಅತ್ತೆ," ಎಂದಳು ಹುಡುಗಿ. "ಮಾಮ, ಮುಂದೆ ಸರಿದು ಕೂತ್ಕೊಳ್ಳಿ. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಲಿ. ಬೆನ್ನು ನೆಟ್ಟಗಿರ್ಲಿ, ಆದ್ರೆ ಪರೇಡಿಗೆ ನಿಂತ ಹಾಗೆ ಬೇಡ. ಭುಜ ಇಳಿಬಿಡಿ. ಇನ್ನೂ ಇಳಿಬಿಡಿ. ಈಗ ಹೇಳಿ, ಗಿರಾಕಿ ಗಿಡ್ಡ ಇದ್ರೆ ನೀವು ಬಗ್ಗಿ ಕತ್ತರಿಸ್ತೀರೋ, ಕುರ್ಚಿ ಏರಿಸ್ತೀರೋ?"

"ಕುರ್ಚಿ ಏರಿಸ್ತೀನಿ. ದಿನಾ ಬಗ್ಗಿದ್ರೆ ಸೊಂಟ ಉಳಿಯುತ್ತಾ?"

"ಇಲ್ಲೂ ಅಷ್ಟೇ. ನೀವು ಗಿಟಾರಿನ ಹತ್ರ ಬಗ್ಗಬೇಡಿ. ಗಿಟಾರನ್ನ ನಿಮ್ಮ ಹತ್ರ ಏರಿಸಿ."

ಅಣ್ಣ ಬಕಲಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ತುಟಿ ಅಲುಗಿತು. ಆಮೇಲೆ ಬಕಲ್ ಬಿಚ್ಚಿ, ಪಟ್ಟಿಯನ್ನು ಎಳೆದು ಮೇಲಿನ ತೂತಿಗೆ ಹಾಕಿದ. ಗಿಟಾರ್ ಎದೆಯ ಬಳಿಗೆ ಬಂತು. ಕೂತರೂ ನಿಂತರೂ ಅದೇ ಎತ್ತರದಲ್ಲಿ ಉಳಿಯಿತು.

"ಎಡಗೈಲಿ ಹಿಡಿಯೋ ಗಿಟಾರಿನ ಕತ್ತು ಸ್ವಲ್ಪ ಮೇಲ್ಮುಖವಾಗಿರ್ಲಿ. ಮಣಿಕಟ್ಟು ಆದಷ್ಟೂ ನೇರ. ಹೆಬ್ಬೆರಳಿಂದ ಹಿಂಡಬೇಡಿ, ಬರೀ ತಾಗಿಸಿ. ತಂತಿ ಸ್ವರ ಕೊಡೋಕೆ ಎಷ್ಟು ಬೇಕೋ ಅಷ್ಟೇ ಒತ್ತಿ. ಬೆರಳು ನೋಡೋಕೆ ಗಿಟಾರಿನ ಮೇಲೆ ಕವಿಚಿಕೊಳ್ಳಬೇಡಿ, ಕನ್ನಡಿ ನೋಡಿ."

"ಉಸಿರಾಡಬಹುದಾ?" ಎಂದ ಅಣ್ಣ.

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ವರ್ಷದ ಮೇಲೆ ಅವನು ಆಡಿದ ಮೊದಲ ತಮಾಷೆ ಅದು.

ಈಗ ಅಣ್ಣ ನುಡಿಸುವ ಮೊದಲು ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾನೆ. ಸ್ವಲ್ಪ ಹೊತ್ತು ನುಡಿಸಿ, ಎದ್ದು ಓಡಾಡಿ, ಕತ್ತು ಭುಜ ಸಡಿಲಿಸಿ ಮತ್ತೆ ಕೂರುತ್ತಾನೆ. ಮರೆತು ಮುಂದುವರಿಸಿದರೆ ಒಳಗಿನಿಂದ "ರೀ, ಸಾಕು" ಎಂಬ ಕೂಗು ಬರುತ್ತದೆ. ಉಂಗುರಬೆರಳು ಸರಿಹೋಯಿತು. ಕಿರುಬೆರಳು ಪೂರ್ತಿ ಸರಿಹೋಗಲಿಲ್ಲ, ಹೋಗುವುದೆಂದು ಡಾಕ್ಟರೂ ಹೇಳಲಿಲ್ಲ. ವಾರದ ಪ್ರಾರ್ಥನೆಯ ಕೊನೆಗೆ ಈಗ ಅಣ್ಣನೇ ಆ ಧಾಟಿ ನುಡಿಸುತ್ತಾನೆ. ಆ ಬೆರಳು ಬೇಕಾದ ಕಡೆ ಒಂದು ಸ್ವರ ಬಿಟ್ಟುಹೋಗುತ್ತದೆ. ಪ್ರಾರ್ಥನೆಗೆ ಬರುವವರಿಗೆ ಆ ಸ್ವರ ಎಲ್ಲಿತ್ತೆಂದು ಗೊತ್ತು. ಅಲ್ಲಿಗೆ ಬಂದಾಗ ಎಲ್ಲರೂ ತಲೆ ತಗ್ಗಿಸುತ್ತಾರೆ.

ತಮ್ಮನ ಕುರ್ಚಿ ಈಗ ಕೆಟ್ಟಿಲ್ಲ. ಮೊನ್ನೆ ಅದರಲ್ಲಿ ಮೊದಲು ಕುಳಿತವನು ಅಂಚೆಯಣ್ಣ. "ಕಿವಿ ಎಣಿಸಿಕೊಂಡೇ ಬಂದಿದ್ದೀನಿ," ಎಂದ. ಅಣ್ಣ ಪೆಡಲ್ ಒತ್ತಿ ಕುರ್ಚಿಯನ್ನು ಏರಿಸಿದ.

ಓದುವವರೇ, ನಿಮ್ಮ ಮನೆಯಲ್ಲಿಯೂ ಯಾರಾದರೂ ಗಿಟಾರ್ ಹಿಡಿದಿರಬಹುದು, ಮಗಳೋ, ಮೊಮ್ಮಗನೋ, ನೀವೋ. ಇವತ್ತೇ ಅವರನ್ನು ಕನ್ನಡಿಯ ಮುಂದೆ ಕೂರಿಸಿ ನೋಡಿ. ಕೈ ಇಲ್ಲದ ಆಸನ ಕೊಡಿ. ಪಟ್ಟಿಯನ್ನು ಅವರವರ ಮೈಗೆ ಸರಿಮಾಡಿ. ಅದು ಮೊದಲು ಯಾರ ಮೈಗಿತ್ತೆಂಬುದು ಮುಖ್ಯವಲ್ಲ. ತಂತಿ ಒತ್ತಲಾರದಷ್ಟು ಎತ್ತರವಿದ್ದರೆ ವಾದ್ಯ ರಿಪೇರಿಯವರಿಂದ ತಗ್ಗಿಸಿಕೊಳ್ಳಿ. ನಡುನಡುವೆ ಎದ್ದೇಳಿಸಿ. ಕೈ ಮರಗಟ್ಟಿದರೆ, ಜುಮ್ಮೆಂದರೆ, ಬಲ ಕುಂದಿದರೆ ಅಂದೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಪ್ರೀತಿಯಿಂದ ಕಲಿಯುತ್ತಿರುವವರೇ ನೋವನ್ನು ಹೆಚ್ಚು ಮುಚ್ಚಿಡುತ್ತಾರೆ, ಆದ್ದರಿಂದ ನೀವಾಗಿಯೇ ಕೇಳಿ. ಕೈ ದೇವರು ಕೊಟ್ಟದ್ದು. ಹೋದವರನ್ನು ನೆನೆಯಲು ನಮಗೆ ಉಳಿದಿರುವುದು ಈ ಕೈಗಳೇ, ಅವನ್ನು ಕಾಪಾಡಿಕೊಳ್ಳಿ.